ಮೇಲೆ ಬೀಳೋರ ಭಾರ

ಕಬಡ್ಡಿ ಕಲೀಬೇಕು ಅಂತ ಹೊಸದಾಗಿ ಬರೋ ಎಂಟನೇ ಕ್ಲಾಸಿನ ಹುಡುಗಿಯರಿಗೆ ನಾನು ಮೊದಲು ಹೇಳ್ಕೊಡೋದು ಬೀಳೋದನ್ನ. ಹಿಡಿಯೋದು ಆಮೇಲೆ. ರೈಡರ್ ಸೊಂಟಕ್ಕೆ ಕೈ ಸುತ್ತಿದ ಮೇಲೆ ನಿನ್ನ ಮೈ ಎಲ್ಲಿಗೆ ಹೋಗುತ್ತೆ, ನಿನ್ನ ಭುಜ ಅವಳ ಎದೆ ಮೇಲೆ ಬರುತ್ತೋ ಪಕ್ಕಕ್ಕೆ ಸರಿಯುತ್ತೋ, ಅವಳ ತಲೆ ಯಾವ ಕಡೆಗಿರುತ್ತೆ, ಇದನ್ನೆಲ್ಲ ಮಣ್ಣಿನ ಅಂಕಣದಲ್ಲಿ ನಿಧಾನವಾಗಿ, ಮತ್ತೆ ಮತ್ತೆ ಮಾಡಿಸ್ತೀನಿ. ಮಕ್ಕಳಿಗೆ ಬೇಜಾರಾಗುತ್ತೆ. ಟಿವಿಯಲ್ಲಿ ನೋಡಿದ ಹಾಗೆ ಹಾರಿ ಕಾಲು ಹಿಡಿಯೋಕೆ ಅವಕ್ಕೆ ಆತುರ. ನಾನು ಬಿಡಲ್ಲ.

ನಾನು ಕೊರಟಗೆರೆ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮನೆ ತುಮಕೂರಲ್ಲೇ, ಕ್ಯಾತ್ಸಂದ್ರದ ಹತ್ತಿರ. ಆಡ್ತಿದ್ದ ಕಾಲದಲ್ಲಿ ಎಡಗಡೆ ಕಾರ್ನರ್. ಅಂದ್ರೆ ರೈಡ್‌ಗೆ ಹೋಗೋಳಲ್ಲ, ಬಂದವರನ್ನ ಹಿಡಿಯೋಳು. ಈಗ ಹೋಬಳಿ, ತಾಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಅಂಪೈರ್ ಆಗಿ ನಿಲ್ತೀನಿ. ಇವತ್ತು ಬರೆಯೋಕೆ ಕೂತಿರೋದು ಅಮೆರಿಕದ ಫುಟ್‌ಬಾಲ್ ಬಗ್ಗೆ ಆದ್ರೂ ನಾನು ಆ ಆಟ ನೋಡೋದೇ ಕ್ಯಾಚರ್ ಕಣ್ಣಲ್ಲಿ.

ನಮ್ಮಣ್ಣನ ಮಗ ಕಿರಣ ಕಾನ್ಸಾಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿದ್ದಾನೆ. ಅಲ್ಲಿ ಭಾನುವಾರ ರಾತ್ರಿ ಮ್ಯಾಚ್ ಶುರುವಾಗೋ ಹೊತ್ತಿಗೆ ನಮಗೆ ಸೋಮವಾರ ಬೆಳಗಾಗ್ತಿರುತ್ತೆ. ಒಲೆ ಮೇಲೆ ಅನ್ನಕ್ಕಿಟ್ಟು ಫೋನನ್ನ ಡಬ್ಬಿಗೆ ಒರಗಿಸಿ ನೋಡ್ತೀನಿ. ಆ ಕಡೆ ಅವನು ಕೂಗಾಡ್ತಿರ್ತಾನೆ. ಅವನು ಚೀಫ್ಸ್ ತಂಡದ ಅಭಿಮಾನಿ, ಅದರಲ್ಲೂ ಪ್ಯಾಟ್ರಿಕ್ ಮಹೋಮ್ಸ್ ಅಂದ್ರೆ ಪ್ರಾಣ. ಮಹೋಮ್ಸ್ ಆಡೋದು ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ. ಆ ಜಾಗದಲ್ಲಿ ಆಡೋರನ್ನ ಕಾಪಾಡೋಕೆ ಮಾಡಿರೋ ನಿಯಮಗಳ ಬಗ್ಗೆ ನಮ್ಮಿಬ್ಬರ ಜಗಳ ಶುರುವಾಗಿದ್ದೂ ಅಲ್ಲಿಂದಲೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎರಡೂ ಕಡೆ 11 ಜನ. 100 ಗಜದ ಮೈದಾನ. ಚೆಂಡು ಇರೋ ತಂಡಕ್ಕೆ 10 ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಪ್ರತಿ ಸಲ ಚೆಂಡು ಮೊದಲು ಕೈಗೆ ಸಿಗೋದು ಕ್ವಾರ್ಟರ್‌ಬ್ಯಾಕ್‌ಗೆ. ಅವನು ಅದನ್ನ ಪಕ್ಕದ ಓಟಗಾರನಿಗೆ ಕೊಡಬಹುದು, ದೂರ ಓಡ್ತಿರೋ ರಿಸೀವರ್‌ಗೆ ಎಸೀಬಹುದು, ಇಲ್ಲಾ ತಾನೇ ಹಿಡ್ಕೊಂಡು ಓಡಬಹುದು. ಅವನ ಮುಂದೆ 130–140 ಕೆಜಿ ತೂಗೋ ಐದು ಜನ ಗೋಡೆ ಥರ ನಿಂತಿರ್ತಾರೆ. ಎದುರಾಳಿ ಡಿಫೆಂಡರ್‌ಗಳು ಆ ಗೋಡೆ ಒಡೆದು ಅವನ ಮೇಲೆ ಬೀಳಬೇಕು. ಎಸೆಯೋಕೆ ಮುಂಚೆ ಕೆಡವಿದ್ರೆ ಅದಕ್ಕೆ ಸ್ಯಾಕ್ ಅಂತಾರೆ. ಎಸೆಯೋಕೆ ಅವನಿಗೆ ಸಿಗೋ ಸಮಯ ಮೂರು ಸೆಕೆಂಡ್ ಆಸುಪಾಸು.

ಆ ಮೂರು ಸೆಕೆಂಡ್‌ನಲ್ಲಿ ಅವನ ಮೈ ಹೇಗಿರುತ್ತೆ ನೋಡಿ. ಕಣ್ಣು 30–40 ಗಜ ಆಚೆ. ಒಂದು ಕೈ ಮೇಲೆತ್ತಿರುತ್ತೆ. ಪಕ್ಕೆಲುಬೆಲ್ಲ ತೆರೆದಿರುತ್ತೆ. ಎಸೆಯೋ ಕ್ಷಣದಲ್ಲಿ ಮೈಯ ಅಷ್ಟೂ ಭಾರ ಮುಂದಿನ ಕಾಲಿನ ಮೇಲೆ, ಆ ಕಾಲು ನೆಲಕ್ಕೆ ಊರಿರುತ್ತೆ. ಕಬಡ್ಡಿ ರೈಡರ್‌ಗೆ ನಾನು ಯಾವ ಕಡೆಯಿಂದ ಬರ್ತೀನಿ ಅನ್ನೋದು ಗೊತ್ತು. ಅವಳ ಕಣ್ಣು ನನ್ನ ಕಾಲ ಮೇಲೇ ಇರುತ್ತೆ. ನಾನು ಕಾಲಿಗೆ ಕೈ ಹಾಕಿದ್ರೆ ಜಿಗೀತಾಳೆ, ಒದೀತಾಳೆ, ಗೆರೆ ಕಡೆ ಮೈ ಚೆಲ್ತಾಳೆ. ಕ್ವಾರ್ಟರ್‌ಬ್ಯಾಕ್‌ಗೆ ಅದ್ಯಾವುದಕ್ಕೂ ಆಸ್ಪದ ಇಲ್ಲ. ಹಿಂದಿನಿಂದ ಬರೋನು ಅವನಿಗೆ ಕಾಣಲ್ಲ. ಕಾಣದೇ ಬಂದ ಪೆಟ್ಟಿಗೆ ಮೈ ತಯಾರಾಗಿರಲ್ಲ, ಸ್ನಾಯು ಬಿಗಿಯೋಕೂ ಸಮಯ ಇರಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ಯಾಕೆ ಬೇಕು ಅನ್ನೋದಕ್ಕೆ ನನಗೆ ಇದೊಂದೇ ಕಾರಣ ಸಾಕು. ಅವನಿಗೆ ಕೊಡೋ ಸಂಬಳ, ಅವನ ಮುಖ ಇರೋ ಜಾಹೀರಾತು, ಇವೆಲ್ಲ ಕಾರಣ ಆಗಬಾರದು.

ಆದ್ರೆ ನಡೆದಿದ್ದು ನೋಡಿದ್ರೆ ಅವೂ ಕಾರಣ ಆಗಿವೆ. ಎಸೆಯೋನಿಗೆ ಒರಟಾಗಿ ಹೊಡೆದ್ರೆ 15 ಗಜ ದಂಡ ಅನ್ನೋದು ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1938ರಿಂದಲೇ ಇದೆ. 15 ಗಜ ಅಂದ್ರೆ ಸುಮಾರು 13.7 ಮೀಟರ್, ಗಂಡಸರ ಕಬಡ್ಡಿ ಅಂಕಣದ ಪೂರ್ತಿ ಉದ್ದವೇ 13 ಮೀಟರ್. ಅದರ ಜೊತೆಗೆ ಈಗ ಪೆಟ್ಟು ತಿಂದೋನ ತಂಡಕ್ಕೆ ಹೊಸದಾಗಿ ನಾಲ್ಕು ಅವಕಾಶವೂ ಸಿಗುತ್ತೆ. 1977ರಲ್ಲಿ ಅಂಗೈಯಿಂದ ಎದುರಾಳಿಯ ಹೆಲ್ಮೆಟ್‌ಗೆ ಬಾರಿಸಿ ದಾರಿ ಮಾಡ್ಕೊಳ್ಳೋದನ್ನ ನಿಷೇಧಿಸಿದ್ರು. 1978ರಲ್ಲಿ ರಿಸೀವರ್‌ಗಳನ್ನ ಐದು ಗಜದ ಆಚೆ ತಡೆದು ನೂಕೋದನ್ನ ನಿಲ್ಲಿಸಿದ್ರು, ಗೋಡೆಯವರಿಗೆ ಕೈ ಚಾಚಿ ತಡೆಯೋಕೆ ಅನುಮತಿ ಕೊಟ್ರು. 1979ರಲ್ಲಿ ಕ್ವಾರ್ಟರ್‌ಬ್ಯಾಕ್ ಪೂರ್ತಿ ಹಿಡಿತಕ್ಕೆ ಸಿಕ್ಕ ಅಂತ ಕಂಡ ತಕ್ಷಣ, ನೆಲಕ್ಕೆ ಬೀಳೋಕೆ ಮುಂಚೆಯೇ, ವಿಶಲ್ ಊದಬೇಕು ಅಂತ ಬಂತು. ಅಂಪೈರ್ ಆಗಿ ನನಗೆ ತುಂಬಾ ಇಷ್ಟವಾದ ನಿಯಮ ಇದು. ಗೆದ್ದಾಗಿದೆ, ಸೆಣಸಾಟ ಮುಗಿದಿದೆ, ಇನ್ನು ಕೆಡವೋದರಿಂದ ಆಟಕ್ಕೆ ಏನೂ ಸೇರಲ್ಲ.

ಆ ಕಾಲದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಡಿಫೆಂಡರ್ ಜ್ಯಾಕ್ ಲ್ಯಾಂಬರ್ಟ್, ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೆಂಗಸರ ಬಟ್ಟೆ ತೊಡಿಸಿ ಅನ್ನೋ ಅರ್ಥದ ಮಾತಾಡಿದ್ದ. ಈ ಮಾತು ನಮ್ಮೂರಲ್ಲೂ ಕೇಳಿದ್ದೀನಿ. ಶಾಲಾ ಪಂದ್ಯಗಳಲ್ಲಿ ಒರಟು ಹಿಡಿತಕ್ಕೆ ಕಾರ್ಡ್ ತೋರಿಸಿದ ಕೂಡಲೇ ಗೆರೆ ಆಚೆಯಿಂದ ಯಾರಾದ್ರೂ ಒಬ್ಬರು "ಹೆಣ್ಮಕ್ಕಳ ಆಟ ಮಾಡ್ಬಿಟ್ರಲ್ಲ ಮೇಡಂ" ಅಂತಾರೆ. ಅಂಥವರು ಒಮ್ಮೆ ಬಂದು ಹೆಣ್ಮಕ್ಕಳ ಆಟ ನೋಡಲಿ. ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಮಹಿಳಾ ಕಬಡ್ಡಿ ತಂಡ 2010ರಲ್ಲಿ ಚಿನ್ನ ಗೆದ್ದಿದೆ, 2014ರಲ್ಲಿ ಗೆದ್ದಿದೆ, 2018ರಲ್ಲಿ ಫೈನಲ್‌ನಲ್ಲಿ ಇರಾನ್‌ಗೆ ಸೋತು ಹಾಂಗ್‌ಝೌನಲ್ಲಿ ಮತ್ತೆ ಗೆದ್ದು ತಂದಿದೆ. ಅವರು ಹಿಡಿಯೋ ರೀತಿಯಲ್ಲಿ ಯಾವ ಮೆದುತನವೂ ಇಲ್ಲ. ನಿಯಮ ಇರೋ ಆಟ ಮೆತ್ತಗಿನ ಆಟ ಅನ್ನೋರ ಜೊತೆ ನಾನು ಎಷ್ಟು ಹೊತ್ತು ಬೇಕಾದ್ರೂ ವಾದ ಮಾಡ್ತೀನಿ.

2000ದ ನಂತರ ಬಂದ ನಿಯಮಗಳಲ್ಲಿ ಒಂದು ಕ್ರಮ ಕಾಣುತ್ತೆ. ಕ್ವಾರ್ಟರ್‌ಬ್ಯಾಕ್ ರಕ್ಷಣೆಯ ಮೂರು ಮುಖ್ಯ ನಿಯಮಗಳ ಹಿಂದೆ ಗಾಯಗೊಂಡ ಒಬ್ಬೊಬ್ಬ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಇದ್ದಾನೆ. 2006ರ ಜನವರಿಯಲ್ಲಿ ಸಿನ್ಸಿನಾಟಿಯ ಕಾರ್ಸನ್ ಪಾಮರ್ ಎಸೆದು ಮುಗಿಸಿದ ಕ್ಷಣದಲ್ಲೇ ಎದುರಾಳಿ ಅವನ ಎಡ ಮಂಡಿಗೆ ಬಂದು ಬಿದ್ದ, ಲಿಗಮೆಂಟ್ ಹರೀತು. ಅದೇ ವರ್ಷ ಮಂಡಿ ಕೆಳಗಿನ ಹೊಡೆತದ ನಿಯಮ ಬಿಗಿಯಾಯ್ತು. 2008ರ ಸೆಪ್ಟೆಂಬರ್ 7ರಂದು, ಆ ಸೀಸನ್‌ನ ಮೊದಲ ಮ್ಯಾಚ್‌ನಲ್ಲೇ, ಟಾಮ್ ಬ್ರೇಡಿ ಮಂಡಿ ಹೋಯ್ತು. ಆಗಲೇ ನೆಲಕ್ಕೆ ಬಿದ್ದಿದ್ದ ಡಿಫೆಂಡರ್ ಬಿದ್ದಲ್ಲಿಂದಲೇ ಮುಂದಕ್ಕೆ ನುಗ್ಗಿ ಕಾಲಿಗೆ ತಗುಲಿದ್ದ. 2009ರಲ್ಲಿ, ಬಿದ್ದೋನು ಹಾಗೆ ನುಗ್ಗಬಾರದು ಅಂತ ಬರೆದ್ರು. ಜನ ಅದನ್ನ ಬ್ರೇಡಿ ನಿಯಮ ಅಂತಲೇ ಕರೀತಾರೆ.

ನನ್ನನ್ನ ಹೆಚ್ಚು ಕಾಡಿದ್ದು ಮೂರನೇದು. 2017ರ ಅಕ್ಟೋಬರ್ 15, ಮಿನಿಯಾಪೊಲಿಸ್. ಗ್ರೀನ್ ಬೇ ತಂಡದ ಆರನ್ ರಾಜರ್ಸ್ ಚೆಂಡು ಎಸೆದ. ಎದುರಾಳಿ ವೈಕಿಂಗ್ಸ್ ತಂಡದ ಆಂಥನಿ ಬಾರ್ ಅವನನ್ನ ತಬ್ಬಿ ಕೆಡವಿ, ತನ್ನ ಪೂರ್ತಿ ಮೈ ಸಮೇತ ಅವನ ಮೇಲೆ ಬಿದ್ದ. ರಾಜರ್ಸ್‌ನ ಬಲಗಡೆ ಕಾಲರ್ ಬೋನ್ ಮುರೀತು, ಅದೇ ಎಸೆಯೋ ಕಡೆಯ ಭುಜ. ಫೌಲ್ ಕಂಡಾಗ ರೆಫ್ರಿ ಎಸೆಯೋ ಫ್ಲಾಗ್ ಅವತ್ತು ಬೀಳಲಿಲ್ಲ. 2018ರಲ್ಲಿ, ಮೈಭಾರದ ಎಲ್ಲವನ್ನೂ ಅಥವಾ ಬಹುಪಾಲನ್ನ ಕ್ವಾರ್ಟರ್‌ಬ್ಯಾಕ್ ಮೇಲೆ ಹಾಕಿ ಬಿದ್ರೆ ಫೌಲ್ ಅಂತ ರೆಫ್ರಿಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ರು.

ಆ ವಿಡಿಯೋ ಕಿರಣ ಕಳಿಸಿದಾಗ ನನಗೆ ನೆನಪಾಗಿದ್ದು ಒಬ್ಬ ಹುಡುಗ. ತಾಲೂಕು ಮಟ್ಟದ ಬಾಲಕರ ಪಂದ್ಯ, ಆಗಸ್ಟ್ ತಿಂಗಳು, ಹಿಂದಿನ ದಿನ ಮಳೆ ಬಂದು ಒಣಗಿದ ಅಂಕಣ, ಮೇಲೆ ಹದ ಕಂಡ್ರೂ ಒಳಗೆ ಕಲ್ಲು ಥರ. ಸಣ್ಣ ಮೈಕಟ್ಟಿನ ರೈಡರ್. ಬೋನಸ್ ಗೆರೆ ಮುಟ್ಟಿ ತಿರುಗೋ ಹೊತ್ತಿಗೆ ಕವರ್‌ನಲ್ಲಿದ್ದ ಹುಡುಗ ಹಿಂದಿನಿಂದ ಸೊಂಟ ಹಿಡಿದ. ಒಳ್ಳೇ ಹಿಡಿತ, ಸ್ವಚ್ಛವಾದ ಹಿಡಿತ. ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಿದ್ರು, ರೈಡರ್ ಕೆಳಗೆ, ಇವನು ಮೇಲೆ. ಅಂಪೈರ್ ನಾನೇ. ಹಿಡಿದ ತಂಡಕ್ಕೆ ಪಾಯಿಂಟ್ ಕೊಟ್ಟೆ, ಅದು ಸರಿಯಾದ ಪಾಯಿಂಟ್. ಕಬಡ್ಡಿ ನಿಯಮದಲ್ಲಿ ಬಾಯಿ ಮುಚ್ಚಿ ಉಸಿರು ಕಟ್ಟಿಸೋದು, ಕತ್ತು ಹಿಸುಕೋದು, ಎರಡು ಕಾಲಲ್ಲಿ ಕತ್ತರಿ ಹಾಕೋದು, ಗಾಯ ಆಗೋ ಹಾಗೆ ಒರಟಾಗಿ ಎಳೆದು ಕೆಡವೋದು, ಇವೆಲ್ಲ ತಪ್ಪು. ಬಟ್ಟೆ, ಕೂದಲು ಹಿಡಿಯೋ ಹಾಗಿಲ್ಲ. ಆ ಹುಡುಗ ಇದ್ಯಾವುದನ್ನೂ ಮಾಡಿರಲಿಲ್ಲ. ಆದ್ರೂ ಕೆಳಗಿದ್ದ ಹುಡುಗ ಏಳುವಾಗ ಎಡ ಭುಜ ಜೋತು ಬಿದ್ದಿತ್ತು, ಕಾಲರ್ ಬೋನ್ ಮಧ್ಯದಲ್ಲಿ ಚರ್ಮದ ಕೆಳಗೆ ಗಂಟಿನ ಹಾಗೆ ಎದ್ದಿತ್ತು. ಅವನ ಟವೆಲ್‌ನಲ್ಲೇ ಕೈ ಎದೆಗೆ ಕಟ್ಟಿ ಆಟೋ ಹತ್ತಿಸಿದ್ವಿ. ಮನೆಯವರು ಮೊದಲು ಮೂಳೆ ಕಟ್ಟೋರ ಹತ್ರ ಹೋಗೋಣ ಅಂದ್ರು. ಎಕ್ಸ್‌ರೇ ಆಗೋವರೆಗೆ ಬೇಡ ಅಂತ ನಾನು ಪಟ್ಟು ಹಿಡಿದೆ. ಬೆನ್ನ ಮೇಲೆ ದಾಟಿಸಿ ಕಟ್ಟೋ ಬೆಲ್ಟ್ ಹಾಕ್ಕೊಂಡು ಅವನು ಎರಡು ಪರೀಕ್ಷೆ ಬರೆದ. ಮೇಲೆ ಬಿದ್ದ ಹುಡುಗ ಆ ಸಂಜೆಯೆಲ್ಲ ಬಸ್‌ಸ್ಟ್ಯಾಂಡಲ್ಲಿ ಕೂತು ಅಳ್ತಿದ್ದ ಅಂತ ಅವರ ಮೇಷ್ಟ್ರು ಆಮೇಲೆ ಹೇಳಿದ್ರು.

ಹಿಡಿಯೋದು ಒಂದು ವಿದ್ಯೆ, ಹಿಡಿದವರನ್ನ ಕೆಳಗೆ ಇಳಿಸೋದು ಇನ್ನೊಂದು. ಮೊದಲನೇದನ್ನ ಎಲ್ಲರೂ ಕಲಿಸ್ತಾರೆ. 2018ರ ನಿಯಮ ಎರಡನೇದನ್ನೂ ಆಟದ ಒಳಗೆ ತಂತು. ಅದಕ್ಕೇ ನಾನು ಕ್ಯಾಚರ್ ಆಗಿದ್ರೂ ಆ ನಿಯಮದ ಪರ. ಸಿಕ್ಕಿಬಿದ್ದೋನಿಗೆ ತನ್ನ ಮೈ ಮೇಲೆ ಹಿಡಿತ ಇಲ್ಲ. ಹಿಡಿದೋನಿಗೆ ಸ್ವಲ್ಪವಾದ್ರೂ ಇದೆ. ಸ್ವಲ್ಪ ಇರೋನೇ ಜವಾಬ್ದಾರಿ ಹೊರಬೇಕು.

"ಸ್ವಲ್ಪ" ಅಂತ ಬರೆಯುವಾಗ ಕೈ ತಡೆಯುತ್ತೆ. ಯಾಕಂದ್ರೆ ಆ ವರ್ಷ ಮೊದಲ ಕೆಲವು ವಾರ ಏನಾಯ್ತು ಅನ್ನೋದನ್ನ ಡಿಫೆಂಡರ್ ಆಗಿ ನಾನು ಮರೆಯೋಕಾಗಲ್ಲ. ಗ್ರೀನ್ ಬೇನ ಕ್ಲೇ ಮ್ಯಾಥ್ಯೂಸ್ ಮೇಲೆ ಸತತ ಮೂರು ಮ್ಯಾಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಒರಟಾಗಿ ಹೊಡೆದ ಅಂತ ಫ್ಲಾಗ್ ಬಿತ್ತು. ಎರಡನೇ ಮ್ಯಾಚ್‌ನಲ್ಲಿ ಅವನ ತಂಡ ಕೊನೇ ಗಳಿಗೆಯಲ್ಲಿ ಚೆಂಡು ಕಸಿದು ಗೆದ್ದೇ ಬಿಡ್ತು ಅನ್ನೋವಾಗ ಆ ಫ್ಲಾಗಿಂದ ಕಸಿದಿದ್ದು ರದ್ದಾಯ್ತು, ಮ್ಯಾಚ್ 29–29ಕ್ಕೆ ಸಮವಾಯ್ತು. ರಾಜರ್ಸ್‌ನ ಭುಜ ಮುರಿದ ಮೇಲೆ ಬಂದ ಕಟ್ಟುನಿಟ್ಟು, ರಾಜರ್ಸ್‌ನ ತಂಡದ ಗೆಲುವನ್ನೇ ತಗೊಂಡು ಹೋಯ್ತು. ಮೂರನೇ ಮ್ಯಾಚ್‌ನಲ್ಲಿ ಮ್ಯಾಥ್ಯೂಸ್ ವಾಷಿಂಗ್ಟನ್‌ನ ಅಲೆಕ್ಸ್ ಸ್ಮಿತ್‌ನನ್ನ ಮುಂದಿನಿಂದ, ಭುಜದಿಂದ, ತಲೆ ಪಕ್ಕಕ್ಕಿಟ್ಟು ಕೆಡವಿದ. ಆ ಹಿಡಿತವನ್ನ ನಾನು ನಮ್ಮ ಮಕ್ಕಳಿಗೆ ತೋರಿಸಿ ಹೀಗೆ ಮಾಡಿ ಅಂತೀನಿ. ಅದಕ್ಕೂ ಫ್ಲಾಗ್. ಲೀಗ್‌ನವರು ಅದೇ ಸರಿ ಅಂತ ಸಮರ್ಥಿಸಿಕೊಂಡ್ರು.

ಅದೇ ಭಾನುವಾರ ಇನ್ನೊಂದು ಮ್ಯಾಚ್‌ನಲ್ಲಿ ಮಯಾಮಿ ತಂಡದ ವಿಲಿಯಂ ಹೇಯ್ಸ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್‌ನನ್ನ ಕೆಡವುವಾಗ ಭಾರ ಅವನ ಮೇಲೆ ಬೀಳಬಾರದು ಅಂತ ಮೈ ತಿರುಗಿಸಿದ. ಕಾಲು ಹುಲ್ಲಿಗೆ ಸಿಕ್ಕಿ ಮಂಡಿಯ ಲಿಗಮೆಂಟ್ ಹರೀತು. ಆ ಸೀಸನ್ ಅವನಿಗೆ ಅಲ್ಲಿಗೇ ಮುಗೀತು. ನಿಯಮ ಪಾಲಿಸೋಕೆ ಹೋಗಿ ಹೀಗಾಯ್ತು ಅಂತ ಅವನ ಕೋಚ್ ಹೇಳಿದ್ರು. ಬ್ರೇಡಿ ಮಂಡಿಗೆ ಒಂದು ನಿಯಮ ಬಂತು, ಪಾಮರ್ ಮಂಡಿಗೆ ಒಂದು ಬಂತು. ಹೇಯ್ಸ್‌ನ ಮಂಡಿಗೆ ಯಾರೂ ಏನೂ ಬರೆಯಲಿಲ್ಲ. ಇದನ್ನ ಕಿರಣನಿಗೆ ಹೇಳಿದಾಗ ಅವನೂ ಸ್ವಲ್ಪ ಹೊತ್ತು ಸುಮ್ಮನಾದ.

ಇನ್ನು ಅಲೆಕ್ಸ್ ಸ್ಮಿತ್ ಕಥೆ. ಮ್ಯಾಥ್ಯೂಸ್ ಹಿಡಿದಾಗ ಅವನಿಗೆ ಏನೂ ಆಗಿರಲಿಲ್ಲ, ಎದ್ದು ಆಡಿದ. ಎಂಟು ವಾರ ಆದಮೇಲೆ, 2018ರ ನವೆಂಬರ್ 18ರಂದು, ಹ್ಯೂಸ್ಟನ್‌ನ ಇಬ್ಬರು ಸೇರಿ ಅವನನ್ನ ಕೆಡವಿದ್ರು. ನಿಯಮಬದ್ಧ ಹಿಡಿತ, ಫ್ಲಾಗ್ ಇಲ್ಲ. ಬಲಗಾಲಿನ ಎರಡೂ ಮೂಳೆ ಮುರೀತು, ಗಾಯಕ್ಕೆ ಸೋಂಕು ಹತ್ತಿ ಕಾಲೇ ತೆಗೀಬೇಕಾಗಬಹುದು ಅನ್ನೋ ಮಟ್ಟಕ್ಕೆ ಹೋಯ್ತು, 17 ಶಸ್ತ್ರಚಿಕಿತ್ಸೆ ಆಯ್ತು. 2020ರ ಅಕ್ಟೋಬರ್‌ನಲ್ಲಿ ಅವನು ಮತ್ತೆ ಮೈದಾನಕ್ಕಿಳಿದ. ಇದಕ್ಕೂ ಸರಿಯಾಗಿ 33 ವರ್ಷ ಹಿಂದೆ, 1985ರ ನವೆಂಬರ್ 18ರಂದು, ಅದೇ ವಾಷಿಂಗ್ಟನ್ ತಂಡದ ಜೋ ಥೈಸ್‌ಮನ್‌ನ ಬಲಗಾಲು ಹೀಗೇ ಮುರಿದಿತ್ತು. ಅವತ್ತಿನ ಸ್ಕೋರ್ 23–21, ಸ್ಮಿತ್ ಬಿದ್ದ ದಿನದ ಸ್ಕೋರೂ 23–21. ಥೈಸ್‌ಮನ್ ಮತ್ತೆ ಆಡಲೇ ಇಲ್ಲ. ಆ ಹಿಡಿತ ಹಾಕಿದ ಲಾರೆನ್ಸ್ ಟೇಲರ್ ತಕ್ಷಣ ಎದ್ದು ಡಾಕ್ಟರನ್ನ ಕರೀರಿ ಅಂತ ಕೈ ಬೀಸ್ತಿರೋದನ್ನ ವಿಡಿಯೋದಲ್ಲಿ ನೋಡಬಹುದು. ಆಟವನ್ನೇ ಬದಲಿಸಿದ ಡಿಫೆಂಡರ್ ಅವನು, ಎಲ್ಲರೂ ಹೆದರ್ತಿದ್ದ ಆಳು. ಅವತ್ತು ಅವನ ಮುಖದಲ್ಲಿದ್ದ ಗಾಬರಿ ನನಗೆ ಬಸ್‌ಸ್ಟ್ಯಾಂಡಲ್ಲಿ ಅಳ್ತಿದ್ದ ಹುಡುಗನ ಗಾಬರಿಯೇ.

ಹಾಗಾಗಿ ನಿಯಮ ಎಲ್ಲಾ ಮೂಳೆ ಉಳಿಸುತ್ತೆ ಅಂತ ನಾನು ಹೇಳಲ್ಲ. ಉಳಿಸೋಕಾಗೋದನ್ನ ಉಳಿಸಲಿ ಅಂತೀನಿ.

ಆಟ ಬದಲಾಗಿರೋದಂತೂ ಕಣ್ಣಿಗೆ ಕಾಣುತ್ತೆ. 1984ರಲ್ಲಿ ಡ್ಯಾನ್ ಮರೀನೋ ಒಂದೇ ಸೀಸನ್‌ನಲ್ಲಿ 5,084 ಗಜ ಎಸೆದಾಗ ಅದನ್ನ ಮುರಿಯೋರಿಲ್ಲ ಅಂದ್ರು. 27 ವರ್ಷ ಯಾರೂ ಮುರೀಲೂ ಇಲ್ಲ. 2011ರಲ್ಲಿ ಡ್ರೂ ಬ್ರೀಸ್, ಬ್ರೇಡಿ ಇಬ್ಬರೂ ಒಂದೇ ಸೀಸನ್‌ನಲ್ಲಿ ದಾಟಿದ್ರು. 2013ರಲ್ಲಿ ಪೇಟನ್ ಮ್ಯಾನಿಂಗ್ 5,477ಕ್ಕೆ ಒಯ್ದ. ಬ್ರೇಡಿ 45ನೇ ವಯಸ್ಸಿನವರೆಗೆ ಆಡಿದ. ಎಲ್ಲವೂ ಕ್ವಾರ್ಟರ್‌ಬ್ಯಾಕ್ ರಕ್ಷಣೆಯಿಂದಲೇ ಆಗಿದ್ದಲ್ಲ, ರಿಸೀವರ್‌ಗಳನ್ನ ತಡೆಯೋ ನಿಯಮ ಸಡಿಲಾಗಿದ್ದೂ ಅಷ್ಟೇ ದೊಡ್ಡ ಕಾರಣ. ದುಡ್ಡೂ ಅದೇ ದಾರಿ ಹಿಡೀತು. ಮಹೋಮ್ಸ್‌ಗೆ 2020ರಲ್ಲಿ ಹತ್ತು ವರ್ಷಕ್ಕೆ 45 ಕೋಟಿ ಡಾಲರ್ ಒಪ್ಪಂದ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ 2024ರಲ್ಲಿ ವರ್ಷಕ್ಕೆ 6 ಕೋಟಿ ಡಾಲರ್. ಅಷ್ಟು ಕೊಟ್ಟು ತಂದವನು ಬೆಂಚಲ್ಲಿ ಕೂತ್ರೆ ತಂಡದ ಮಾಲೀಕರಿಗೂ ನಷ್ಟ, ಟಿವಿಯವರಿಗೂ ನಷ್ಟ. ನಿಯಮಗಳಿಗೆ ಮತ ಹಾಕೋರೂ ಆ ಮಾಲೀಕರೇ.

ನಿಯಮ ಹದ ತಪ್ಪಿದಾಗ ಹೇಗಿರುತ್ತೆ ಅನ್ನೋದಕ್ಕೆ ಕಿರಣನ ಹತ್ರ ಅವನದೇ ಉದಾಹರಣೆ ಇದೆ. 2022ರ ಅಕ್ಟೋಬರ್ 10ರಂದು ಚೀಫ್ಸ್‌ನ ಕ್ರಿಸ್ ಜೋನ್ಸ್, ಹಿಂದಿನಿಂದ ಬಂದು ಅದೇ ಡೆರೆಕ್ ಕಾರ್‌ನ ಕೈಯಿಂದ ಚೆಂಡು ಕಸಿದ. ಚೆಂಡು ಜೋನ್ಸ್ ಕೈಯಲ್ಲೇ ಇತ್ತು. ಬೀಳುವಾಗ ಇನ್ನೊಂದು ಕೈ ನೆಲಕ್ಕೂರಿ ಭಾರ ತಡೆಯೋಕೂ ನೋಡಿದ. ಆದ್ರೂ ಕ್ವಾರ್ಟರ್‌ಬ್ಯಾಕ್ ಮೇಲೆ ಭಾರ ಹಾಕಿದ ಅಂತ ಫ್ಲಾಗ್. "ಅತ್ತೆ, ಚೆಂಡೇ ಇವನ ಕೈಲಿದೆ, ಇನ್ನೆಲ್ಲಿ ಬೀಳಬೇಕಿತ್ತು ಅವನು?" ಅಂತ ಕಿರಣ ಫೋನಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದಿನ ದಿನವಷ್ಟೇ ಅಟ್ಲಾಂಟಾದ ಗ್ರೇಡಿ ಜ್ಯಾರೆಟ್, ಬ್ರೇಡಿಯನ್ನ ಸಾಮಾನ್ಯವಾಗಿ ತಿರುಗಿಸಿ ಕೆಡವಿದ್ದಕ್ಕೂ ಫ್ಲಾಗ್ ಬಿದ್ದಿತ್ತು. ಇಂಥ ತೀರ್ಪುಗಳನ್ನ ರೀಪ್ಲೇ ನೋಡಿ ತಿದ್ದೋ ಹಾಗೆ ಮಾಡಿ ಅಂತ 2023ರಲ್ಲಿ ಒಂದು ಪ್ರಸ್ತಾಪ ಬಂದು ಬಿದ್ದು ಹೋಯ್ತು. ಅದು ಪಾಸಾಗಬೇಕಿತ್ತು. ಹೋಬಳಿ ಪಂದ್ಯದಲ್ಲಿ ನನ್ನ ಹತ್ರ ಎರಡು ಕಣ್ಣು ಬಿಟ್ರೆ ಬೇರೇನಿಲ್ಲ. ಅವರ ಹತ್ರ ಎಲ್ಲಾ ಕೋನದಿಂದ ಕ್ಯಾಮೆರಾ ಇದೆ. 13 ಮೀಟರಿಗೂ ಹೆಚ್ಚಿನ ದಂಡ ಹಾಕೋ ಮುಂಚೆ ಒಮ್ಮೆ ನೋಡೋದು ಡಿಫೆಂಡರ್‌ಗೆ ಕೊಡಬೇಕಾದ ಮರ್ಯಾದೆ.

ಕಿರಣನಿಗೂ ನನಗೂ ನಿಜವಾಗಿ ಜಗಳ ಬರೋದು ಸ್ಲೈಡ್ ವಿಷಯಕ್ಕೆ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡ್ಕೊಂಡು ಓಡ್ತಾ, ಇನ್ನು ಸಾಕು ಅನ್ನಿಸಿದಾಗ ಕಾಲು ಮುಂದೆ ಮಾಡಿ ಜಾರಿದ್ರೆ ಅಲ್ಲಿಗೆ ಆಟ ನಿಂತ ಹಾಗೆ, ಯಾರೂ ಹೊಡೆಯೋ ಹಾಗಿಲ್ಲ. ಒಳ್ಳೇ ವ್ಯವಸ್ಥೆ. 2024ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನ ಟ್ರೆವರ್ ಲಾರೆನ್ಸ್ ಹೀಗೆ ಜಾರಿದ ಮೇಲೂ ಹ್ಯೂಸ್ಟನ್‌ನ ಅಜೀಜ್ ಅಲ್‌ಶಾಯಿರ್ ಮುಂಗೈಯಿಂದ ತಲೆಗೆ ಬಾರಿಸಿದ. ಲಾರೆನ್ಸ್‌ಗೆ ಮಿದುಳಿಗೆ ಪೆಟ್ಟಾಯ್ತು. ಹೊಡೆದವನಿಗೆ ಮೂರು ಮ್ಯಾಚ್ ನಿಷೇಧ. ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಆದ್ರೆ ಅದೇ ರಕ್ಷಣೆಯನ್ನ ಹಿಡ್ಕೊಂಡು ಇನ್ನೆರಡು ಹೆಜ್ಜೆ ಕದಿಯೋರೂ ಇದ್ದಾರೆ. ಗೆರೆ ಪಕ್ಕ ಓಡ್ತಾ ಹೊರಗೆ ಹೋಗ್ತೀನಿ ಅನ್ನೋ ಹಾಗೆ ನಿಧಾನ ಮಾಡಿ ಮತ್ತೆ ಮುಂದಕ್ಕೆ ನುಗ್ಗೋದು, ಕೊನೇ ಕ್ಷಣದವರೆಗೆ ಕಾಯ್ದು ಜಾರೋದು. ಆಗ ಡಿಫೆಂಡರ್ ಏನು ಮಾಡಬೇಕು? ಹಿಡಿದ್ರೆ ಫ್ಲಾಗ್, ಬಿಟ್ರೆ ಗಜ ಹೋಗುತ್ತೆ. 2025ರ ಜನವರಿಯ ಪ್ಲೇಆಫ್‌ನಲ್ಲಿ ಮಹೋಮ್ಸ್ ತಡವಾಗಿ ಜಾರಿದಾಗ ಹ್ಯೂಸ್ಟನ್‌ನ ಇಬ್ಬರು ಡಿಫೆಂಡರ್‌ಗಳು ಒಬ್ಬರಿಗೊಬ್ಬರು ತಲೆ ಗುದ್ದಿಕೊಂಡ್ರು, ಫ್ಲಾಗೂ ಅವರ ಮೇಲೇ ಬಿತ್ತು. ಕಾಮೆಂಟರಿಯಲ್ಲಿದ್ದ ಟ್ರಾಯ್ ಐಕ್ಮನ್ ಸ್ವತಃ ದೊಡ್ಡ ಕ್ವಾರ್ಟರ್‌ಬ್ಯಾಕ್ ಆಗಿದ್ದೋರು, ತಲೆಗೆ ಬಿದ್ದ ಪೆಟ್ಟುಗಳಿಂದಲೂ ನರಳಿದೋರು. ಅವರೇ ಅವತ್ತು ಈ ತೀರ್ಪನ್ನ ಟೀಕಿಸಿದ್ರು. ಕಿರಣ ಮಾತ್ರ "ಅದು ಜಾಣತನ ಅತ್ತೆ" ಅಂತಾನೆ. "ನೀನು ಹಿಡಿಯೋಕೆ ಹೋಗಿ ನೋಡೋ, ಆಮೇಲೆ ಮಾತಾಡು" ಅಂತೀನಿ ನಾನು. ಕಾಲೇಜು ಫುಟ್‌ಬಾಲ್‌ನಲ್ಲಿ 2021ರಲ್ಲಿ ಕೆನ್ನಿ ಪಿಕೆಟ್ ಜಾರೋ ನಟನೆ ಮಾಡಿ ಡಿಫೆಂಡರ್‌ಗಳನ್ನ ನಿಲ್ಲಿಸಿ ಓಡಿಬಿಟ್ಟ. ಕೆಲವೇ ದಿನಗಳಲ್ಲಿ, ಜಾರೋ ನಟನೆ ಶುರು ಮಾಡಿದ ಕ್ಷಣಕ್ಕೇ ಆಟ ನಿಂತ ಹಾಗೆ ಅಂತ ತೀರ್ಮಾನ ಆಯ್ತು. ಗೆರೆ ಪಕ್ಕದ ಆ ನಾಟಕಕ್ಕೂ ಹಾಗೇ ಕಡಿವಾಣ ಹಾಕಬೇಕು. ರಕ್ಷಣೆ ಕೇಳಿದೋನು ಅಲ್ಲಿಗೆ ನಿಲ್ಲಲೇಬೇಕು.

ತಲೆ ಪೆಟ್ಟಿನ ವಿಷಯಕ್ಕೆ ಬಂದ್ರೆ ನನಗೆ ಆಟದ ನಿಯಮಕ್ಕಿಂತ ಬೆಂಚಿನ ನಿಯಮ ಮುಖ್ಯ. 2022ರ ಸೆಪ್ಟೆಂಬರ್ 25ರಂದು ಮಯಾಮಿಯ ಟುವಾ ಟಾಗೊವೈಲೋವ ಹಿಂದಕ್ಕೆ ಬಿದ್ದು ತಲೆ ನೆಲಕ್ಕೆ ಬಡೀತು, ಎದ್ದು ನಡೆಯುವಾಗ ತೂರಾಡಿದ. ಆದ್ರೂ ದ್ವಿತೀಯಾರ್ಧಕ್ಕೆ ಆಡಿಸಿದ್ರು. ನಾಲ್ಕೇ ದಿನಕ್ಕೆ ಮತ್ತೆ ಆಡಿಸಿದ್ರು, ಮತ್ತೆ ತಲೆ ಬಡೀತು, ಬೆರಳುಗಳು ಸೆಟೆದುಕೊಂಡವು, ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋದ್ರು. ಆಮೇಲೆ, ತೂರಾಡಿದ್ರೆ ಅವತ್ತು ವಾಪಸ್ ಕಳಿಸೋ ಹಾಗಿಲ್ಲ ಅಂತ ನಿಯಮ ತಿದ್ದಿದ್ರು. ನಮ್ಮ ಶಾಲಾ ಮಟ್ಟದಲ್ಲಿ ಇದನ್ನ ಪಾಲಿಸೋಕೆ ಡಾಕ್ಟರೂ ಬೇಕಿಲ್ಲ, ಕ್ಯಾಮೆರಾನೂ ಬೇಕಿಲ್ಲ. ಮಗು ತೂರಾಡ್ತು ಅಂದ್ರೆ ಆಟ ಮುಗೀತು. ಟ್ರೋಫಿ ಯಾರ ಶಾಲೆಗೆ ಹೋದ್ರೂ ಸರಿ.

ಇಷ್ಟೆಲ್ಲ ಒಬ್ಬ ಆಟಗಾರನ ಸುತ್ತ. ಮೈದಾನದಲ್ಲಿ ಇನ್ನೂ 21 ಜನ ಇದ್ದಾರೆ. ನಿಧಾನವಾಗಿ ಅವರ ಕಡೆಗೂ ಕಣ್ಣು ಹೋಗ್ತಿದೆ. ನೋಡದೇ ಇರೋನಿಗೆ ಪಕ್ಕದಿಂದ ನುಗ್ಗಿ ಹೊಡೆಯೋದನ್ನ 2019ರಲ್ಲಿ ನಿಷೇಧಿಸಿದ್ರು. 2024ರ ಮಾರ್ಚ್‌ನಲ್ಲಿ, ಹಿಂದಿನಿಂದ ಹಿಡಿದು ತನ್ನ ಸೊಂಟವನ್ನ ಓಟಗಾರನ ಕಾಲಿನ ಮೇಲೆ ಕುಸಿಸಿ ಕೆಡವೋದನ್ನ ನಿಷೇಧಿಸಿದ್ರು. ಇದು ಎಲ್ಲಾ ಓಟಗಾರರಿಗೂ ಅನ್ವಯ. ಆಟಗಾರರ ಸಂಘವೇ ಇದನ್ನ ವಿರೋಧಿಸ್ತು. ಹಿಡಿಯೋಕೆ ಇನ್ನೇನು ಉಳೀತು ಅನ್ನೋದು ಡಿಫೆಂಡರ್‌ಗಳ ಪ್ರಶ್ನೆ. ಆ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ಹಿಡಿತದಲ್ಲಿ ಪಾದ ನೆಲದಲ್ಲಿ ಸಿಕ್ಕಿಕೊಂಡಿರುತ್ತೆ, ಮೇಲಿಂದ 100 ಕೆಜಿ ಭಾರ ಬೀಳುತ್ತೆ. ನಮ್ಮ ಅಂಕಣದಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ನಾನು ಕಾರ್ಡ್ ತೆಗೀತೀನಿ.

ಇನ್ನೂ ಮುಟ್ಟದೇ ಬಿಟ್ಟಿರೋದು ಓಟಗಾರನ ಮಂಡಿ. ಕ್ವಾರ್ಟರ್‌ಬ್ಯಾಕ್ ಎಸೆಯೋಕೆ ನಿಂತಾಗ ಮಂಡಿಗೆ ನುಗ್ಗಿದ್ರೆ 15 ಗಜ. ಅದೇ ಚೆಂಡನ್ನ ಪಕ್ಕದ ಓಟಗಾರನ ಕೈಗಿತ್ತ ಮರುಕ್ಷಣ, ಆ ಓಟಗಾರನ ಮಂಡಿಗೆ ಭುಜ ಕೊಟ್ಟು ನುಗ್ಗಬಹುದು. ಕಿರಣನ ವಾದ ಏನಂದ್ರೆ, 85 ಕೆಜಿ ಇರೋ ಡಿಫೆಂಡರ್ 110 ಕೆಜಿ ಇರೋ ಡೆರಿಕ್ ಹೆನ್ರಿಯಂಥ ಓಟಗಾರನನ್ನ ಕೆಳಗಿನಿಂದಲ್ಲದೆ ಹೇಗೆ ನಿಲ್ಲಿಸ್ತಾನೆ? ಸರಿಯಾದ ಪ್ರಶ್ನೆ. ನನ್ನ ಉತ್ತರ ಕಾರ್ನರ್ ಆಡಿದವಳ ಉತ್ತರ. ಕೆಳಗೆ ಹೋಗಲಿ, ಆದ್ರೆ ಕೈಯಿಂದ ಹೋಗಲಿ. ಕಬಡ್ಡಿಯಲ್ಲಿ ನಾನು ಹಿಮ್ಮಡಿಗೆ ಹಾರ್ತಿದ್ದೆ, ನನಗಿಂತ ಎಷ್ಟೋ ದಪ್ಪ ಇದ್ದವರನ್ನ ಅಲ್ಲೇ ನಿಲ್ಲಿಸಿದ್ದೀನಿ. ಎರಡೂ ಅಂಗೈ ಪಾದದ ಗಂಟಿಗೆ ಸುತ್ತಿ, ನನ್ನ ಎದೆಗೆ ಎಳ್ಕೊಂಡು, ಮೈಯನ್ನ ಹಿಂದಕ್ಕೆ ಚೆಲ್ಲೋದು. ಭುಜ ಮಂಡಿಗೆ ತಾಗೋದೇ ಇಲ್ಲ. ಕೈ ಸುತ್ತದೆ ಬರೀ ಭುಜ, ಬರೀ ಹೆಲ್ಮೆಟ್ ಮುಂದಿಟ್ಟು ಮಂಡಿಗೆ ಎರಗೋದಕ್ಕೆ ದಂಡ ಹಾಕಿ, ಕೈ ಸುತ್ತಿ ಹಿಡಿದ್ರೆ ಬಿಡಲಿ, ಅದು ಯಾರ ಕಾಲೇ ಆಗಿರಲಿ. ಓಡ್ತಿರೋ ವೇಗದಲ್ಲಿ ಇದನ್ನ ನೋಡಿ ಹೇಳೋದು ರೆಫ್ರಿಗೆ ಕಷ್ಟ ಅಂತಾನೆ ಕಿರಣ. ಕೈ ಸುತ್ತಿದೆಯೋ ಇಲ್ಲವೋ ಅನ್ನೋದನ್ನ ನೋಡೋದು, ಭಾರ ಎಷ್ಟು ಪಾಲು ಮೇಲೆ ಬಿತ್ತು ಅಂತ ಅಳೆಯೋದಕ್ಕಿಂತ ಎಷ್ಟೋ ಸುಲಭ.